ಗಾಡಿ ಪ್ರಶ್ನೋತ್ತರ: ಪ್ಲಗ್‌ಗೆ ಕರೆಂಟ್ ಬರ್ತಿಲ್ಲ ಅಂದ್ರೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರಿನವು. ಗಾಡಿ ಹಳೇದು, ಪೆಟ್ರೋಲ್ ಇದೆ, ಎಷ್ಟು ಒದ್ದರೂ ಸ್ಟಾರ್ಟ್ ಆಗ್ತಿಲ್ಲ, ಪ್ಲಗ್‌ಗೆ ಕರೆಂಟ್ ಬರ್ತಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಯಮಹಾ ಆರ್‌ಎಕ್ಸ್ 100, ಯೆಜ್ಡಿ, ಹೀರೋ ಹೋಂಡಾ ಸಿಡಿ 100 ಬೈಕ್ ಇಟ್ಟುಕೊಂಡವರು ಇನ್ನೂ ತುಂಬಾ ಜನ ಇದ್ದಾರೆ. ಅದಕ್ಕೇ ಈ ಸಂಚಿಕೆಯ ಜಾಗ ಪೂರ್ತಿ ಕಿಡಿಯ ವಿಷಯಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನದು 1994ರ ಆರ್‌ಎಕ್ಸ್ 100. ಹೋದ ವರ್ಷ ಪೂರ್ತಿ ಬಿಚ್ಚಿಸಿ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದೆ. ಅಲ್ಲಿಂದ ಈಚೆಗೆ ಒಂದು ದಿನ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತೆ, ಮಾರನೇ ದಿನ ಬೆವರು ಇಳಿದರೂ ಇಲ್ಲ. ಮೆಕ್ಯಾನಿಕ್ ಮೊದಲು ಪ್ಲಗ್ ಬದಲಾಯಿಸಿದ, ಆಮೇಲೆ ಸಿಡಿಐ (ಸರಿಯಾದ ಹೊತ್ತಿಗೆ ಕಿಡಿ ಹಾರಿಸುವ ಎಲೆಕ್ಟ್ರಾನಿಕ್ ಡಬ್ಬಿ), ಆಮೇಲೆ ಇನ್ನೊಂದು ಸಿಡಿಐ. ಈಗ ಮ್ಯಾಗ್ನೆಟ್ ಕಾಯಿಲ್ (ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಸುರುಳಿ) ಹೋಗಿದೆ ಅಂತಿದ್ದಾನೆ. ಏನ್ ಮಾಡ್ಲಿ ಅಣ್ಣಾ? – ಹರಿಹರದ ಓದುಗ

ಉತ್ತರ: ಮ್ಯಾಗ್ನೆಟ್ ಕಾಯಿಲ್‌ಗೆ ಈಗಲೇ ದುಡ್ಡು ಕೊಡಬೇಡಿ ತಮ್ಮಾ. ಎರಡು ಸಿಡಿಐ ಬದಲಾಯಿಸಿದ ಮೇಲೂ ತೊಂದರೆ ಹಾಗೇ ಇದೆ ಅಂದರೆ ತೊಂದರೆ ಸಿಡಿಐನಲ್ಲಿ ಇರಲೇ ಇಲ್ಲ ಅಂತ ಅರ್ಥ. ಕಿಡಿ ಎಲ್ಲಿ ನಿಂತಿದೆ ಅಂತ ನೋಡದೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗೋದು ನನಗೆ ನಿಜವಾಗಿ ಬೇಸರ ತರುವ ವಿಷಯ. ಈ ಗಾಡಿಯ ತಯಾರಿಕೆ ನಿಂತಿದ್ದೇ 1996ರಲ್ಲಿ. ಈಗ ಅಂಗಡಿಯಲ್ಲಿ ಸಿಗುವ ಪಾರ್ಟ್‌ಗಳಲ್ಲಿ ಡೂಪ್ಲಿಕೇಟ್ ಜಾಸ್ತಿ. ಚೆನ್ನಾಗಿದ್ದ ಹಳೇ ಒರಿಜಿನಲ್ ತೆಗೆದು ಹೊಸ ಡೂಪ್ಲಿಕೇಟ್ ಹಾಕಿದರೆ ಇದ್ದ ಒಂದು ತೊಂದರೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ಬಿಚ್ಚಿದ ಆ ಮೊದಲ ಸಿಡಿಐ ಮೆಕ್ಯಾನಿಕ್ ಹತ್ತಿರವೇ ಇದ್ದರೆ ಇವತ್ತೇ ಹೋಗಿ ಇಸ್ಕೊಂಡು ಬನ್ನಿ.

ಭದ್ರಾ ನಾಲೆಯ ಕೊನೇ ಭಾಗದ ಗದ್ದೆಗೆ ನೀರು ಬರದಿದ್ದರೆ ನಮ್ಮ ಕಡೆ ರೈತರು ಏನು ಮಾಡುತ್ತಾರೆ? ಗದ್ದೆಯಿಂದ ಹೊರಟು ತೂಬಿನ ತನಕ ಏರಿ ಮೇಲೆ ನಡೆದುಕೊಂಡು ಹೋಗಿ, ನೀರು ಎಲ್ಲಿ ನಿಂತಿದೆ ಅಂತ ಕಣ್ಣಾರೆ ನೋಡಿ ಬರುತ್ತಾರೆ. ಇಲ್ಲೂ ಹಾಗೇ. ಪ್ಲಗ್‌ನಿಂದ ಹೊರಡಿ. ಪ್ಲಗ್ ಕ್ಯಾಪ್, ದಪ್ಪ ವೈರ್, ಎಚ್‌ಟಿ ಕಾಯಿಲ್ (ವೋಲ್ಟೇಜ್ ಏರಿಸುವ ಸುರುಳಿ), ಸಿಡಿಐ, ಕೊನೆಗೆ ಮ್ಯಾಗ್ನೆಟ್. ಒಂದೊಂದು ಕಡೆ ನಿಂತು ನೋಡಿ ಆಮೇಲೆ ಮುಂದಕ್ಕೆ ಹೋಗಿ.

ಮೊದಲು ಪ್ಲಗ್ ಬಿಚ್ಚಿ ಕ್ಯಾಪ್‌ಗೆ ಸಿಕ್ಕಿಸಿ, ಪ್ಲಗ್‌ನ ಮೈ ಹೆಡ್‌ನ ಬರೀ ಲೋಹಕ್ಕೆ ಗಟ್ಟಿಯಾಗಿ ತಾಗುವ ಹಾಗೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿಗೆ ಒಂದು ಬಟ್ಟೆ ತುರುಕಿರಬೇಕು, ಮರೀಬೇಡಿ. ಆ ತೂತಿನಿಂದ ಪೆಟ್ರೋಲ್ ಹನಿ ಹನಿಯಾಗಿ ಹೊರಗೆ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರುತ್ತಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಇನ್ನೊಂದು ಮಾತು. ಪ್ಲಗ್‌ಗೆ ಹೋಗೋದು ಸಾವಿರಾರು ವೋಲ್ಟ್. ಬರಿಗೈಯಲ್ಲಿ ಹಿಡೀಬೇಡಿ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪರೀಕ್ಷೆಯ ಹತ್ತಿರ ಬರಲೇಬೇಡಿ.

ಕಿಡಿ ನೀಲಿಯಾಗಿ ದಪ್ಪಗೆ ಇರಬೇಕು, ಚಟ್ ಅಂತ ಸದ್ದು ಕೇಳಬೇಕು. ಹಳದಿ ಬಣ್ಣದಲ್ಲಿ ಎಳೆಯಾಗಿ ಬಂದರೆ ಅದನ್ನು ಕಿಡಿ ಅಂತ ಲೆಕ್ಕಕ್ಕೆ ಹಿಡೀಬೇಡಿ. ಹೊರಗಡೆ ಗಾಳಿಯಲ್ಲಿ ಹಾರುವ ಇಂಥ ಸಪ್ಪೆ ಕಿಡಿ ಸಿಲಿಂಡರ್ ಒಳಗೆ ಕಂಪ್ರೆಷನ್ ಇರುವಾಗ ಹಾರೋದಿಲ್ಲ, ಅಲ್ಲಿ ಅದಕ್ಕೆ ಜಾಸ್ತಿ ಬಲ ಬೇಕು. ‘ಕರೆಂಟ್ ಬರ್ತಿದೆ ಸಾರ್, ಕಾರ್ಬೋರೇಟರ್ ಪ್ರಾಬ್ಲಮ್ಮು’ ಅಂತ ಎಷ್ಟೋ ಗಾಡಿಗಳ ಕಾರ್ಬೋರೇಟರ್ ಸುಮ್ನೆ ಬಿಚ್ಚಿಸಿಕೊಳ್ಳುವುದು ಈ ಸಪ್ಪೆ ಕಿಡಿಯಿಂದಲೇ. ಅಂದಹಾಗೆ ಪ್ಲಗ್ ಗ್ಯಾಪ್ 0.6ರಿಂದ 0.7 ಮಿಲಿಮೀಟರ್ ಇರಲಿ.

ಕಿಡಿ ಸಪ್ಪೆ ಅಥವಾ ಇಲ್ಲವೇ ಇಲ್ಲ ಅಂದರೆ ಕ್ಯಾಪ್ ತಿರುಗಿಸಿ ತೆಗೆಯಿರಿ. ಅದು ವೈರಿಗೆ ಸ್ಕ್ರೂ ಥರ ಕೂತಿರುತ್ತದೆ. ವೈರಿನ ತುದಿ ಹಸಿರು ಕಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರ ಕಾಣಬೇಕು. ಆ ತುದಿಯನ್ನು ಒಣಗಿದ ಕೋಲಿಗೆ ಕಟ್ಟಿ ಹೆಡ್‌ನಿಂದ ಐದಾರು ಮಿಲಿಮೀಟರ್ ದೂರ ಹಿಡಿದು ಇನ್ನೊಬ್ಬರ ಹತ್ತಿರ ಕಿಕ್ ಹೊಡೆಸಿ. ಈಗ ಕಿಡಿ ಜೋರಾಗಿ ಹಾರಿದರೆ ಕ್ಯಾಪ್ ಕೆಟ್ಟಿದೆ, ಅಷ್ಟೇ ಕೆಲಸ. ಕ್ಯಾಪ್ ಒಳಗೆ ಒಂದು ಚಿಕ್ಕ ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ 5 ಕಿಲೋ ಓಮ್. ಹಳೇದಾದಾಗ ಅದು ಒಳಗೇ ಸುಟ್ಟು ಹೋಗುತ್ತದೆ, ಹೊರಗಡೆ ಏನೂ ಗೊತ್ತಾಗೋದಿಲ್ಲ.

ಈಗ ನಿಮ್ಮ ಪತ್ರದ ಮುಖ್ಯ ಮಾತಿಗೆ ಬರ್ತೀನಿ. ಪೌಡರ್ ಕೋಟಿಂಗ್ ಆದ ಮೇಲೆ ಶುರುವಾಯಿತು ಅಂದಿರಲ್ಲ, ನನ್ನ ಅನುಮಾನ ಪೂರ್ತಿ ಅಲ್ಲೇ ಇದೆ. ಟ್ಯಾಂಕ್ ಇಳಿಸಿ ಎಚ್‌ಟಿ ಕಾಯಿಲ್ ನೋಡಿ. ಅದಕ್ಕೆ ಸಿಡಿಐನಿಂದ ಬರೋದು ಒಂದೇ ವೈರ್. ಅರ್ತ್‌ಗೆ ಬೇರೆ ವೈರ್ ಇಲ್ಲ, ಕಾಯಿಲ್‌ನ ಕಬ್ಬಿಣದ ಕಾಲು ಬೋಲ್ಟ್ ಮೂಲಕ ಚಾಸಿಗೆ ತಾಗಿರೋದೇ ಅರ್ತ್. ಪೌಡರ್ ಕೋಟಿಂಗ್ ಅಂದರೆ ದಪ್ಪ ಪ್ಲಾಸ್ಟಿಕ್ ಪದರ, ಕರೆಂಟ್ ಅದನ್ನು ದಾಟೋದಿಲ್ಲ. ಬೋಲ್ಟ್‌ನ ಒಂದೆರಡು ಥ್ರೆಡ್ ಎಲ್ಲೋ ಲೋಹಕ್ಕೆ ತಾಗಿದ ದಿನ ಗಾಡಿ ಸ್ಟಾರ್ಟ್, ಅಲುಗಾಡಿ ತಾಗದ ದಿನ ಇಲ್ಲ. ‘ಒಂದು ದಿನ ಆಗುತ್ತೆ, ಒಂದು ದಿನ ಇಲ್ಲ’ ಅನ್ನೋದಕ್ಕೆ ಇದು ಸರಿಯಾಗಿ ಕೂರುತ್ತದೆ. ಕಾಯಿಲ್ ಕೂರುವ ಜಾಗದಲ್ಲಿ ನಾಲ್ಕಾಣೆ ಅಗಲದಷ್ಟು ಕೋಟಿಂಗ್ ಕೆರೆದು ಬಿಳೀ ಲೋಹ ಕಾಣಿಸಿ. ಕಾಯಿಲ್ ಕಾಲನ್ನೂ ಎಮರಿ ಪೇಪರ್‌ನಲ್ಲಿ ಉಜ್ಜಿ, ಗಟ್ಟಿಯಾಗಿ ಬಿಗಿದು, ತುಕ್ಕು ಬಾರದ ಹಾಗೆ ಮೇಲೆ ಸ್ವಲ್ಪ ಗ್ರೀಸ್ ಸವರಿ. ಸಿಡಿಐನ ಕಪ್ಪು ವೈರ್, ಅಂದರೆ ಅದರ ಅರ್ತ್, ಚಾಸಿಗೆ ಸೇರುವಲ್ಲೂ ಇದನ್ನೇ ಮಾಡಿ. ಎಂಜಿನ್‌ನಿಂದ ಚಾಸಿಗೂ ಒಂದು ಅರ್ತ್ ವೈರ್ ಎಳೆದುಬಿಟ್ಟರೆ ಇನ್ನೂ ಒಳ್ಳೇದು.

ಅಷ್ಟಕ್ಕೂ ಸರಿ ಹೋಗದಿದ್ದರೆ ಕೀ ಲಾಕ್ ಕಡೆ ನೋಡಿ. ಈ ಗಾಡಿಯಲ್ಲಿ ಕೀ ಆಫ್ ಮಾಡಿದಾಗ ಲಾಕ್ ಏನು ಮಾಡುತ್ತದೆ ಗೊತ್ತಾ? ಬ್ಯಾಟರಿಯನ್ನು ಕಟ್ ಮಾಡಿ ಎಂಜಿನ್ ನಿಲ್ಲಿಸೋದಲ್ಲ. ಕಿಡಿಗೆ ಹೋಗಬೇಕಾದ ಕರೆಂಟನ್ನು ಅರ್ತ್‌ಗೆ ಇಳಿಸಿಬಿಡುತ್ತದೆ. ಲಾಕ್ ಒಳಗೆ ಧೂಳು, ನೀರು ಸೇರಿ ಆನ್ ಇದ್ದಾಗಲೂ ಹಾಗೇ ಇಳಿಸುತ್ತಿದ್ದರೆ ಕಿಡಿ ಬರೋದಿಲ್ಲ. ಲಾಕ್‌ಗೆ ಹೋಗುವ ಆ ವೈರ್ ಸಾಮಾನ್ಯವಾಗಿ ಕಪ್ಪು ಮೈ, ಬಿಳೀ ಗೆರೆ. ಅದರ ಕಪ್ಲರ್ ಬಿಚ್ಚಿಟ್ಟು ಕಿಕ್ ಹೊಡೆಯಿರಿ. ಕಿಡಿ ಬಂದರೆ ಲಾಕ್ ಅಥವಾ ಆ ವೈರ್ ತಪ್ಪಿತಸ್ಥ. ಆದರೆ ಆ ವೈರ್ ಬಿಚ್ಚಿದ್ದಾಗ ಕೀ ತಿರುಗಿಸಿದರೂ ಎಂಜಿನ್ ನಿಲ್ಲೋದಿಲ್ಲ. ಟಾಪ್ ಗೇರ್ ಹಾಕಿ ಎರಡೂ ಬ್ರೇಕ್ ಒತ್ತಿ ಕ್ಲಚ್ ಮೆಲ್ಲಗೆ ಬಿಡಿ, ನಿಲ್ಲುತ್ತದೆ. ವೈರಿಂಗ್ ಯಾರಾದರೂ ಬದಲಾಯಿಸಿದ್ದರೆ ಬಣ್ಣ ನಂಬಬೇಡಿ, ವೈರ್ ಎಲ್ಲಿಗೆ ಹೋಗುತ್ತದೆ ಅಂತ ಕೈಯಲ್ಲಿ ಹಿಡಿದುಕೊಂಡೇ ನೋಡಿ.

ಇಷ್ಟೆಲ್ಲಾ ಆದ ಮೇಲೆ ಮಾತ್ರ ಮ್ಯಾಗ್ನೆಟ್. ಅದನ್ನೂ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿದು ಕಾಯಿಲ್ ಅಳತೆ ನೋಡಿಸಿ. ಬಿಚ್ಚಲೇಬೇಕಾದರೆ ಪುಲ್ಲರ್ ಹಾಕಿಸಿ, ಸುತ್ತಿಗೆ ಹಿಡಿದು ಬಂದವರ ಕೈಗೆ ಗಾಡಿ ಕೊಡಬೇಡಿ.

ಪ್ರಶ್ನೆ: ನನ್ನ ಯೆಜ್ಡಿ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಮರದ ನೆರಳಲ್ಲಿ ಅರ್ಧ ಗಂಟೆ ನಿಲ್ಲಿಸಿದರೆ ಏನೂ ಆಗಿಲ್ಲ ಅನ್ನುವಂತೆ ಮತ್ತೆ ಸ್ಟಾರ್ಟ್. ಬೇಸಿಗೆಯಲ್ಲಿ ತೊಂದರೆ ಜಾಸ್ತಿ. ಹೊಸ ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್) ಹಾಕಿಸಿದ್ದಾಯಿತು. – ಚಿತ್ರದುರ್ಗ

ಉತ್ತರ: ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಗಾಡಿ ಇವತ್ತೂ ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ ಅಂದರೆ ನೀವು ಅದನ್ನು ಚೆನ್ನಾಗಿಯೇ ನೋಡಿಕೊಂಡಿದ್ದೀರಿ.

ಬಿಸಿಯಾದಾಗ ನಿಂತು ತಣ್ಣಗಾದಾಗ ಸ್ಟಾರ್ಟ್ ಆಗುವುದಕ್ಕೆ ಎರಡು ದಾರಿ ಇವೆ, ಒಂದು ಕರೆಂಟಿನದು, ಇನ್ನೊಂದು ಪೆಟ್ರೋಲಿನದು. ಇವೆರಡನ್ನು ಬೇರೆ ಮಾಡಿಕೊಳ್ಳದೆ ಸ್ಪಾನರ್ ಮುಟ್ಟಬೇಡಿ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಹೋಗಲು ಸಣ್ಣ ತೂತು ಇರುತ್ತದೆ. ಅದು ಧೂಳು ಹಿಡಿದು ಮುಚ್ಚಿದರೆ ಟ್ಯಾಂಕ್ ಒಳಗೆ ಗಾಳಿ ಇಲ್ಲದೆ ಪೆಟ್ರೋಲ್ ಇಳಿಯೋದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ನಿಧಾನಕ್ಕೆ ಸೇರಿಕೊಂಡು ಗಾಡಿ ಮತ್ತೆ ಓಡುತ್ತದೆ, ನೀವು ಹೇಳಿದ ಲಕ್ಷಣವೇ ಅಲ್ವಾ? ಮುಂದಿನ ಸಲ ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಸುಸ್ ಅಂತ ಗಾಳಿ ಒಳಗೆ ಹೋಗಿ ಆಮೇಲೆ ಗಾಡಿ ಸ್ಟಾರ್ಟ್ ಆದರೆ ಸೂಜಿಯಲ್ಲಿ ಆ ತೂತು ಬಿಡಿಸಿ ಸಾಕು. ನಿಲ್ಲುವ ರೀತಿಯಲ್ಲೂ ಸುಳಿವು ಇರುತ್ತದೆ. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಎಳೆತ ಕಳೆದುಕೊಂಡು, ಮುಕ್ಕರಿಸಿ, ಆಮೇಲೆ ನಿಲ್ಲುತ್ತದೆ. ಕರೆಂಟ್ ಹೋದ ಗಾಡಿ ಹೆಚ್ಚಾಗಿ ಯಾರೋ ಕೀ ತಿರುಗಿಸಿದ ಹಾಗೆ ಥಟ್ಟನೆ ನಿಲ್ಲುತ್ತದೆ, ಇಲ್ಲವೇ ಫಟ್ ಫಟ್ ಅಂತ ಸೈಲೆನ್ಸರ್‌ನಲ್ಲಿ ಸಿಡಿಯುತ್ತದೆ.

ಮುಚ್ಚಳದ ತಪ್ಪಲ್ಲ ಅಂತಾದರೆ ಅಲ್ಲೇ ರಸ್ತೆ ಬದಿಯಲ್ಲಿ, ಬಿಸಿ ಇರುವಾಗಲೇ, ಪ್ಲಗ್‌ನಲ್ಲಿ ಕಿಡಿ ನೋಡಿ. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದೆ, ಅಲ್ಲಿ ಎಲ್ಲಾ ಸರಿ ಇರುತ್ತದೆ, ಮೆಕ್ಯಾನಿಕ್ ಏನು ತಾನೇ ಹೇಳಿಯಾನು? ಜೇಬಿನಲ್ಲಿ ಒಂದು ಸ್ಪೇರ್ ಪ್ಲಗ್ ಇಟ್ಟುಕೊಳ್ಳಿ, ಬಿಸಿ ಪ್ಲಗ್ ಬಿಚ್ಚುವ ಕಷ್ಟ ಇರೋದಿಲ್ಲ, ಅದನ್ನೇ ಕ್ಯಾಪ್‌ಗೆ ಹಾಕಿ ನೋಡಬಹುದು.

ಬಿಸಿಯಲ್ಲಿ ಕಿಡಿ ಹಳದಿಯಾಗಿದ್ದರೆ ನಾನು ಮೊದಲು ಹಿಡಿಯೋದು ಕಂಡೆನ್ಸರ್. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಕಾಯಿಲ್‌ನ ಕರೆಂಟ್ ಥಟ್ಟನೆ ನಿಲ್ಲಬೇಕು, ಹಾಗೆ ನಿಂತರೇ ಪ್ಲಗ್‌ಗೆ ದೊಡ್ಡ ವೋಲ್ಟೇಜ್ ಹುಟ್ಟೋದು. ಕಂಡೆನ್ಸರ್ ಆ ಕ್ಷಣದ ಕರೆಂಟನ್ನು ತಾನು ತುಂಬಿಕೊಂಡು ಪಾಯಿಂಟ್ ಮಧ್ಯೆ ಕಿಡಿ ಹಾರದಂತೆ ನೋಡಿಕೊಳ್ಳುತ್ತದೆ. ಅದು ಕೆಟ್ಟರೆ ಪ್ಲಗ್‌ನಲ್ಲಿ ಬರಬೇಕಾದ ಕಿಡಿ ಪಾಯಿಂಟ್‌ನಲ್ಲೇ ಹಾರಿ ಹೋಗುತ್ತದೆ. ಬಲಗಡೆ ಕವರ್ ಬಿಚ್ಚಿ, ಸಂಜೆ ಕತ್ತಲಲ್ಲಿ ಒಬ್ಬರು ಕಿಕ್ ಹೊಡೆಯಲಿ, ನೀವು ಪಾಯಿಂಟ್ ನೋಡಿ. ಸೂಜಿ ಮೊನೆಯಷ್ಟು ಕಿಡಿ ಕಂಡರೆ ಪರವಾಗಿಲ್ಲ. ನೀಲಿ ಬೆಳಕು ದಪ್ಪಗೆ ಮಿಂಚಿದರೆ ಕಂಡೆನ್ಸರ್ ಹೋಗಿದೆ. ಹೊಸ ಪಾಯಿಂಟ್ ಹಾಕಿಸಿದ್ದೀರಿ, ಅದರ ಮುಖ ಈಗಾಗಲೇ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಆಗಿದ್ದರೆ ಅದೂ ಇದನ್ನೇ ಹೇಳುತ್ತದೆ.

ಕಂಡೆನ್ಸರ್ ಡೈನಮೋ ಪಕ್ಕದಲ್ಲೇ, ಎಂಜಿನ್‌ನ ಬಿಸಿಯಲ್ಲೇ ಕೂತಿರುತ್ತದೆ. ಮೀಟರ್ ಹಾಕಿದರೆ 0.2ರಿಂದ 0.3 ಮೈಕ್ರೋಫ್ಯಾರಡ್ ಅಂತ ಸರಿಯಾಗೇ ತೋರಿಸಬಹುದು, ಯಾಕೆಂದರೆ ಅಂಗಡಿಯಲ್ಲಿ ಅದು ತಣ್ಣಗಿರುತ್ತದೆ. ನನ್ನ ಸಲಹೆ, ಹೊಸ ಕಂಡೆನ್ಸರನ್ನು ಅಲ್ಲಿ ಹಾಕಲೇಬೇಡಿ. ಟ್ಯಾಂಕ್ ಕೆಳಗೆ ಎಚ್‌ಟಿ ಕಾಯಿಲ್ ಪಕ್ಕದಲ್ಲಿ ಚಾಸಿಗೆ ಕ್ಲಿಪ್ ಹಾಕಿ ಬಿಗಿಯಿರಿ, ಮೈಗೆ ಒಳ್ಳೇ ಅರ್ತ್ ಸಿಗಬೇಕು. ಅದರ ವೈರನ್ನು ಪಾಯಿಂಟ್‌ನಿಂದ ಕಾಯಿಲ್‌ಗೆ ಬರುವ ವೈರಿನ ಟರ್ಮಿನಲ್‌ಗೇ ಸೇರಿಸಿ. ಕೆಲಸ ಅದೇ, ಬಿಸಿ ಮಾತ್ರ ತಾಗೋದಿಲ್ಲ. ಜಾವಾ, ಯೆಜ್ಡಿ ಇಟ್ಟುಕೊಂಡವರು ಬಹಳ ಜನ ಹೀಗೆ ಮಾಡಿಕೊಂಡಿದ್ದಾರೆ.

ಕಂಡೆನ್ಸರ್ ಹೊಸದಾದರೂ ತೊಂದರೆ ಉಳಿದರೆ ಆಗ ಎಚ್‌ಟಿ ಕಾಯಿಲ್. ನಿಂತಾಗ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡಿ. ಎಂಜಿನ್ ಇನ್ನೂ ಬಿಸಿ ಇರುವಾಗಲೇ ಕಿಡಿ ವಾಪಸ್ ಬಂದರೆ ಕಾಯಿಲ್ ಬದಲಾಯಿಸಬೇಕು. ಎಂಜಿನ್ ಓಡದೆ ಇರುವಾಗ ಕೀ ಆನ್ ಇಟ್ಟು ಹೋಗುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಬಿಡಿಸಿ. ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ ಬ್ಯಾಟರಿ ಕರೆಂಟ್ ಪೂರ್ತಿ ಕಾಯಿಲ್ ಮೂಲಕ ಹರಿಯುತ್ತಾ ಅದನ್ನು ಬೇಯಿಸಿಬಿಡುತ್ತದೆ.

ಪಾಯಿಂಟ್ ಗ್ಯಾಪ್ ಪೂರ್ತಿ ತೆರೆದಾಗ 0.4 ಮಿಲಿಮೀಟರ್. ಫೀಲರ್ ಗೇಜ್ ಹಾಕಿ ನೋಡಿ, ಬ್ಲೇಡ್ ಮುರಿದು ಹಾಕಿ ಅಂದಾಜು ಮಾಡೋದು ಬೇಡ. ಗ್ಯಾಪ್ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಕೂಡ ಬದಲಾಗುತ್ತದೆ, ಹಾಗಾಗಿ ಮೊದಲು ಗ್ಯಾಪ್, ಆಮೇಲೆ ಟೈಮಿಂಗ್. ಹೊಸ ಪಾಯಿಂಟ್ ಮುಖದಲ್ಲಿ ಪ್ಯಾಕಿಂಗ್ ಎಣ್ಣೆ ಇದ್ದರೆ ಪೆಟ್ರೋಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಗಟ್ಟಿ ಕಾಗದದ ಚೂರು ಮಧ್ಯೆ ಎಳೆಯಿರಿ.

ಪ್ರಶ್ನೆ: ನಮ್ಮ ತಂದೆಯವರ ಸಿಡಿ 100 ಮೆಕ್ಕೆಜೋಳದ ಗೋದಾಮಿನಲ್ಲಿ ಕೆಲವು ವರ್ಷ ನಿಂತಿತ್ತು. ಈಗ ಶಾಲೆಗೆ ಹೋಗಿ ಬರಲು ನಾನೇ ಓಡಿಸಬೇಕೆಂದಿದ್ದೇನೆ. ಹೊಸ ಪೆಟ್ರೋಲ್, ಹೊಸ ಪ್ಲಗ್, ಹೊಸ ಬ್ಯಾಟರಿ ಹಾಕಿಸಿದೆ. ಲೈಟ್, ಹಾರ್ನ್ ಎಲ್ಲಾ ಇದೆ, ಕಿಡಿ ಮಾತ್ರ ಇಲ್ಲ. ಇದನ್ನು ಗುಜರಿಗೆ ಹಾಕಿ ಅಂತಿದ್ದಾರೆ. – ಜಗಳೂರಿನ ಶಿಕ್ಷಕಿ

ಉತ್ತರ: ಗುಜರಿಗೆ ಹಾಕಬೇಡಿ ಮೇಡಂ. ಈ ಎಂಜಿನ್ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. ಬ್ಯಾಟರಿ ಹೊಸದು ಹಾಕಿಸಿದ್ದು ಲೈಟು, ಹಾರ್ನಿಗೆ ಒಳ್ಳೇದೇ ಆಯಿತು. ಆದರೆ ಈ ಗಾಡಿಯಲ್ಲಿ ಕಿಡಿಗೂ ಬ್ಯಾಟರಿಗೂ ಸಂಬಂಧ ಇಲ್ಲ. ಕಿಡಿಯ ಕರೆಂಟ್ ಹುಟ್ಟೋದು ಮ್ಯಾಗ್ನೆಟ್‌ನಲ್ಲಿ. ಅಲ್ಲಿ ಒಂದು ಕಾಯಿಲ್ ಸಿಡಿಐಗೆ ಕರೆಂಟ್ ಕೊಡುತ್ತದೆ, ಪಲ್ಸರ್ ಅನ್ನುವ ಇನ್ನೊಂದು ಚಿಕ್ಕ ಕಾಯಿಲ್ ಕಿಡಿ ಯಾವಾಗ ಹಾರಬೇಕು ಅಂತ ಸಿಡಿಐಗೆ ಹೇಳುತ್ತದೆ.

ಮೆಕ್ಕೆಜೋಳ ಇದ್ದ ಕಡೆ ಇಲಿ ಇರದೆ ಇರುತ್ತದಾ? ನಾನು ಮೊದಲು ವೈರಿಂಗ್ ನೋಡಿಸುತ್ತೇನೆ. ಟ್ಯಾಂಕ್ ಇಳಿಸಿ, ಸೀಟ್ ತೆಗೆದು, ಹ್ಯಾಂಡಲ್ ತಿರುಗುವ ಕುತ್ತಿಗೆಯ ಹತ್ತಿರ, ಎಂಜಿನ್‌ನಿಂದ ಮೇಲೆ ಬರುವ ವೈರ್ ಕಟ್ಟಿನ ಮೇಲೆ ಹಲ್ಲಿನ ಗುರುತು ಹುಡುಕಿ. ಟೇಪ್ ಸುತ್ತಿದ ಕಡೆ ಟೇಪ್ ಬಿಚ್ಚಿಯೇ ನೋಡಬೇಕು. ಇಲಿ ಪೂರ್ತಿ ಕತ್ತರಿಸಬೇಕಂತಲೂ ಇಲ್ಲ. ಮೇಲಿನ ಪ್ಲಾಸ್ಟಿಕ್ ಮಾತ್ರ ಕಡಿದು ಬಿಟ್ಟಿದ್ದರೂ ಆ ಬರೀ ತಾಮ್ರ ಚಾಸಿಗೆ ತಾಗಿ ಕಿಡಿ ನಿಲ್ಲುತ್ತದೆ. ಅದರಲ್ಲೂ ಕೀ ಲಾಕ್‌ಗೆ ಹೋಗುವ ಕಪ್ಪು–ಬಿಳಿ ವೈರ್. ಮೇಲೆ ಹರಿಹರದವರಿಗೆ ಹೇಳಿದ ಹಾಗೆ ಅದನ್ನು ಬಿಚ್ಚಿಟ್ಟು ಒಂದು ಸಲ ಕಿಕ್ ಹೊಡೆಸಿ, ನನ್ನ ಲೆಕ್ಕದಲ್ಲಿ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅದೂ ಅಲ್ಲದಿದ್ದರೆ ಸಿಡಿಐ ಕಪ್ಲರ್ ಎಳೆದು ಪಿನ್‌ಗಳನ್ನು ನೋಡಿ, ಹಸಿರು ಹಿಡಿದಿದ್ದರೆ ಒರೆಸಿ. ಎಂಜಿನ್ ಕಡೆಯಿಂದ ಬರುವ ವೈರ್‌ಗಳಿಗೆ ಅಲ್ಲೇ ಮಲ್ಟಿಮೀಟರ್ ಹಾಕಿದರೆ ಎರಡೂ ಕಾಯಿಲ್‌ಗಳ ಸ್ಥಿತಿ ಮ್ಯಾಗ್ನೆಟ್ ಬಿಚ್ಚದೆಯೇ ಗೊತ್ತಾಗುತ್ತದೆ. ಮೀಟರ್ ಯಾವ ಅಳತೆಯನ್ನೂ ತೋರಿಸದೆ ಓಪನ್ ಅಂತ ತೋರಿಸಿದರೆ ಕಾಯಿಲ್ ಒಳಗೆ ಎಳೆ ತುಂಡಾಗಿದೆ. ಹೊಸದೇ ಬೇಕಂತಿಲ್ಲ, ದಾವಣಗೆರೆಯಲ್ಲಿ ಫ್ಯಾನ್, ಮೋಟಾರ್ ಕಾಯಿಲ್ ಕಟ್ಟುವವರಲ್ಲಿ ಮ್ಯಾಗ್ನೆಟ್ ಕಾಯಿಲ್ ಕಟ್ಟುವವರು ಇದ್ದಾರಾ ವಿಚಾರಿಸಿ. ಒಳ್ಳೇ ಕೈ ಸಿಕ್ಕರೆ ಅಂಗಡಿಯ ಡೂಪ್ಲಿಕೇಟ್‌ಗಿಂತ ಅದು ಜಾಸ್ತಿ ದಿನ ಬಾಳುತ್ತದೆ. ಟ್ಯಾಂಕ್ ಒಳಗಿನ ತುಕ್ಕನ್ನು ತೊಳೆಸದೆ ಮಾತ್ರ ರಸ್ತೆಗೆ ಇಳಿಸಬೇಡಿ. ತಂದೆಯವರ ಗಾಡಿಯಲ್ಲಿ ಶಾಲೆಗೆ ಹೋದ ದಿನ ಒಂದು ಸಾಲು ಬರೆಯಿರಿ, ನಮಗೂ ಖುಷಿ.

ಪ್ರಶ್ನೆ: ಮಳೆ ಬಂದರೆ ಸಾಕು, ನನ್ನ ಹಳೇ ಬೈಕ್ ಮಿಸ್ಸಿಂಗ್ ಹೊಡೆಯುತ್ತೆ. ಬಿಸಿಲು ಬಂದರೆ ಸರಿ. – ಚನ್ನಗಿರಿ

ಉತ್ತರ: ಕತ್ತಲಾದ ಮೇಲೆ ಗಾಡಿ ಸ್ಟಾರ್ಟ್ ಮಾಡಿ, ದಪ್ಪ ವೈರ್ ಮತ್ತು ಕ್ಯಾಪ್ ಮೇಲೆ ನೀರು ಸಿಂಪಡಿಸಿ ನೋಡಿ. ಎಲ್ಲಿ ಬಿರುಕಿದೆಯೋ ಅಲ್ಲಿಂದ ನೀಲಿ ಕಿಡಿ ಚಾಸಿಗೋ ಎಂಜಿನ್‌ಗೋ ಹಾರೋದು ಕಣ್ಣಿಗೇ ಕಾಣುತ್ತದೆ. ಕೈ ದೂರ ಇರಲಿ. ಕ್ಯಾಪ್‌ನ ಎರಡೂ ತುದಿಯ ರಬ್ಬರ್ ಬೂಟ್ ಗಟ್ಟಿಯಾಗಿ ಬಿರಿದಿದ್ದರೆ ಬದಲಾಯಿಸಿ. ವೈರ್ ಬಿರುಕು ಬಿಟ್ಟಿದ್ದರೆ ಇನ್ಸುಲೇಷನ್ ಟೇಪ್ ಸುತ್ತಿ ಪ್ರಯೋಜನ ಇಲ್ಲ, ಅಷ್ಟು ವೋಲ್ಟೇಜನ್ನು ಆ ಟೇಪ್ ತಡೆಯೋದಿಲ್ಲ.

ಪ್ರಶ್ನೆ: ಪಾಯಿಂಟ್ ಇರುವ ಹಳೇ ಬುಲೆಟ್. ಕಿಕ್ಕರ್ ವಾಪಸ್ ಹೊಡೆದು ಕಾಲು ಊದಿಸಿಕೊಂಡಿದ್ದೇನೆ. ಕಿಡಿ ಚೆನ್ನಾಗಿದೆ. – ಹಿರಿಯೂರು

ಉತ್ತರ: ಕಿಡಿ ಚೆನ್ನಾಗಿದೆ, ಬರುವ ಹೊತ್ತು ಸರಿ ಇಲ್ಲ. ಪಿಸ್ಟನ್ ಮೇಲೆ ಬರುವ ಮುಂಚೆಯೇ ತುಂಬಾ ಬೇಗ ಕಿಡಿ ಹಾರಿದರೆ ಎಂಜಿನ್ ಹಿಂದಕ್ಕೆ ತಿರುಗಿ ಕಿಕ್ಕರ್ ಕಾಲಿಗೆ ಬಡಿಯುತ್ತದೆ. ಪಾಯಿಂಟ್ ಪ್ಲೇಟ್ ಹಿಂದೆ ಆಟೋ ಅಡ್ವಾನ್ಸ್ ಯೂನಿಟ್ (ಎಂಜಿನ್ ವೇಗ ಏರಿದ ಹಾಗೆ ಕಿಡಿಯನ್ನು ಮುಂಚಿತವಾಗಿ ಹಾರಿಸುವ ಭಾಗ) ಇದೆ. ಎರಡು ಪುಟ್ಟ ತೂಕ, ಎರಡು ಸ್ಪ್ರಿಂಗ್. ಗ್ರೀಸ್ ಒಣಗಿ ತೂಕಗಳು ಹೊರಗಡೆಯೇ ಸಿಕ್ಕಿಕೊಂಡಿದ್ದರೆ, ಅಥವಾ ಸ್ಪ್ರಿಂಗ್ ಸಡಿಲವಾಗಿದ್ದರೆ, ಕಿಕ್ ಹೊಡೆಯುವಾಗಲೇ ಟೈಮಿಂಗ್ ಮುಂದೆ ಹೋಗಿರುತ್ತದೆ. ಬೆರಳಲ್ಲಿ ಕ್ಯಾಮ್ ತಿರುಗಿಸಿ ಬಿಟ್ಟರೆ ಥಟ್ ಅಂತ ವಾಪಸ್ ಬರಬೇಕು. ತೊಳೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ಪಾಯಿಂಟ್ ಗ್ಯಾಪ್ 0.35ರಿಂದ 0.4 ಇಟ್ಟು ಟೈಮಿಂಗ್ ಮಾಡಿಸಿ. ಅಲ್ಲಿಯ ತನಕ ಒದೀಬೇಡಿ. ಆಮೇಲೂ ಅವಸರ ಬೇಡ. ಕಿಕ್ಕರ್ ಗಟ್ಟಿಯಾಗುವ ತನಕ ಮೆಲ್ಲಗೆ ಒತ್ತಿ, ಡಿಕಂಪ್ರೆಸರ್ (ಸಿಲಿಂಡರ್ ಒತ್ತಡ ಬಿಡುವ ಲಿವರ್) ಹಿಡಿದು ಸ್ವಲ್ಪ ದಾಟಿಸಿ, ಕಿಕ್ಕರ್ ಮೇಲೆ ಬಿಟ್ಟು ಆಮೇಲೆ ಒಂದೇ ಸಲ ಪೂರ್ತಿ ಒದೆಯಿರಿ.

ಪ್ರಶ್ನೆ: ತೋಟಕ್ಕೆ ಓಡಿಸುವ ಹಳೇ ಟೂ ಸ್ಟ್ರೋಕ್ ಮೊಪೆಡ್. ವಾರಕ್ಕೊಂದು ಸಲ ಪ್ಲಗ್ ಕಪ್ಪಾಗಿ ಕರೆಂಟ್ ನಿಲ್ಲುತ್ತದೆ. ದುಬಾರಿ ಇರಿಡಿಯಂ ಪ್ಲಗ್ ಹಾಕಲಾ? – ಹೊಸದುರ್ಗ

ಉತ್ತರ: ಬೇಡ. ಅದೂ ವಾರಕ್ಕೆ ಕಪ್ಪಾಗುತ್ತದೆ, ದುಡ್ಡು ಮಾತ್ರ ಜಾಸ್ತಿ. ಪ್ಲಗ್‌ನ ತುದಿ ಒದ್ದೆಯಾಗಿ ಜಿಡ್ಡಿದ್ದರೆ 2ಟಿ ಎಣ್ಣೆ ಜಾಸ್ತಿ ಬೀಳುತ್ತಿದೆ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಎಳೆಯುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ತೋಟದ ಧೂಳಿಗೆ ಫಿಲ್ಟರ್ ಬೇಗ ಕಟ್ಟುತ್ತದೆ. ‘ಎಂಜಿನ್‌ಗೆ ಒಳ್ಳೇದು’ ಅಂತ ಕಣ್ಣಳತೆಯಲ್ಲಿ ಎಣ್ಣೆ ಸುರಿಯೋದು ನಿಲ್ಲಿಸಿ. ನೀವು ಪೆಟ್ರೋಲ್ ಜೊತೆ ಎಣ್ಣೆ ಬೆರೆಸುವ ಗಾಡಿ ಆದರೆ ಲೀಟರ್‌ಗೆ 20 ಎಂ.ಎಲ್. ಹಾಕುವ ಪದ್ಧತಿ ಇದೆ. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಸೀಮೆಎಣ್ಣೆ ಬೆರೆಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಇಷ್ಟು ಸರಿ ಮಾಡಿ ಕಂಪನಿ ಹೇಳಿದ ನಂಬರಿನ ಸಾದಾ ಪ್ಲಗ್ ಹಾಕಿ ಓಡಿಸಿ. ಒಂದು ವಾರದ ನಂತರ ಬಿಚ್ಚಿದಾಗ ತುದಿ ಬಿಸ್ಕತ್ ಬಣ್ಣಕ್ಕೆ ಬಂದಿದ್ದರೆ ಇನ್ನೇನೂ ಮುಟ್ಟಬೇಡಿ. ಇನ್ನೂ ಕಪ್ಪೇ ಇದ್ದರೆ ಆ ಪ್ಲಗ್‌ನ ಫೋಟೋ ಹತ್ತಿರದಿಂದ ತೆಗೆದು ಕಳಿಸಿ, ನೋಡಿ ಹೇಳ್ತೀನಿ.